ಬಾಟಲಿ ಇಳಿಸಿದ ಕಿಣ್ವ

ನಾಗರಹಾವಿನ ವಿಷದಲ್ಲೂ ಇದೆ, ವೀರ್ಯಾಣುವಿನ ತಲೆಯಲ್ಲೂ ಇದೆ. ಆ ಕಿಣ್ವ ಈಗ ಕ್ಯಾನ್ಸರ್ ವಾರ್ಡಿನ ಗಂಟೆಗಳನ್ನು ನಿಮಿಷಕ್ಕೆ ಇಳಿಸಿದೆ. ಕಾಸರಗೋಡಿನಿಂದ ರಾತ್ರಿ ರೈಲು ಹತ್ತಿ ಕೊಚ್ಚಿಗೋ ತಿರುವನಂತಪುರಕ್ಕೋ ಹೋಗುವವರಿಗೆ ಇದರಿಂದ ಸಿಗುವುದೆಷ್ಟು, ಸಿಗದೆ ಉಳಿಯುವುದೆಷ್ಟು?

ತೊಡೆಯ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ನರ್ಸ್ ಸೂಜಿ ಇಳಿಸುತ್ತಾರೆ. ಸಿರಿಂಜಿನಲ್ಲಿ 10 ಮಿ.ಲೀ. ಔಷಧಿ. ದಿನವೂ ಇನ್ಸುಲಿನ್ ಚುಚ್ಚಿಕೊಳ್ಳುವವರು ಈ ಅಳತೆ ಕೇಳಿದರೆ ಹೌಹಾರಿಯಾರು. ಅವರು ಒಂದು ಸಲಕ್ಕೆ ತೆಗೆದುಕೊಳ್ಳುವುದು ಸಾಮಾನ್ಯವಾಗಿ ಒಂದು ಮಿ.ಲೀ.ಗಿಂತಲೂ ಕಡಿಮೆ. ಸಿರಿಂಜನ್ನು ಮೆಲ್ಲಗೆ ಒತ್ತುತ್ತಾ ಹೋದರೆ ಐದು ನಿಮಿಷಕ್ಕೆ ಖಾಲಿ. ಚುಚ್ಚಿದಲ್ಲಿ ಸಣ್ಣ ಉಬ್ಬು, ಸ್ವಲ್ಪ ಕೆಂಪು.

ಪಕ್ಕದ ಹಾಸಿಗೆಯಲ್ಲಿ ಅದೇ ಕಾಯಿಲೆಗೆ ಅವೇ ಎರಡು ಔಷಧಿಗಳು ಬಾಟಲಿಯಿಂದ ಹನಿಹನಿಯಾಗಿ ರಕ್ತನಾಳಕ್ಕೆ ಇಳಿಯುತ್ತಿದ್ದರೆ ಅದಕ್ಕೆ ಒಂದರಿಂದ ಎರಡೂವರೆ ಗಂಟೆ ಬೇಕು. ಅದಕ್ಕೂ ಮೊದಲು ನರ ಹುಡುಕುವ ಹೊತ್ತು ಬೇರೆ.

ಔಷಧಿಗಳ ಹೆಸರು ಪರ್ಟುಜುಮಾಬ್ ಮತ್ತು ಟ್ರಾಸ್ಟುಜುಮಾಬ್. ಹರ್-2 ಎಂಬ ಪ್ರೋಟೀನ್ ಅತಿಯಾಗಿರುವ ಸ್ತನ ಕ್ಯಾನ್ಸರಿಗೆ ಇವೆರಡನ್ನೂ ಕೊಡುತ್ತಾರೆ. ರೋಶ್ ಕಂಪನಿ ಎರಡನ್ನೂ ಒಂದೇ ಸೀಸೆಗೆ ತುಂಬಿ ‘ಫೆಸ್ಗೊ’ ಎಂದು ಹೆಸರಿಟ್ಟಿತು. ಅಮೆರಿಕದಲ್ಲಿ 2020ರ ಜೂನ್‌ನಲ್ಲಿ ಅನುಮತಿ ಸಿಕ್ಕಿತು; ಬಳಿಕ ಭಾರತದ ಮಾರುಕಟ್ಟೆಗೂ ಬಂತು. ಆ ಸೀಸೆಯಲ್ಲಿ ಮೂರನೆಯದೊಂದು ವಸ್ತುವಿದೆ. ಅದು ಕ್ಯಾನ್ಸರನ್ನು ಮುಟ್ಟುವುದೇ ಇಲ್ಲ. 20 ಸಾವಿರ ಯೂನಿಟ್‌ನಷ್ಟು ಹಯಲುರೊನಿಡೇಸ್ ಎಂಬ ಕಿಣ್ವ ಅದು. ಹತ್ತು ಮಿ.ಲೀ. ಔಷಧಿ ಚರ್ಮದಡಿಗೆ ಹಿಡಿಸಿದ್ದು ಅದರಿಂದ.

ಚರ್ಮದಡಿಯ ಲೋಳೆ

ಚರ್ಮಕ್ಕೂ ಸ್ನಾಯುವಿಗೂ ನಡುವೆ ಕೊಬ್ಬಿನ ಪದರವಿದೆ. ಅಲ್ಲಿನ ಜೀವಕೋಶಗಳ ಸಂದುಗಳಲ್ಲಿ ಕೊಲಾಜೆನ್ ಎಳೆಗಳು ಹೆಣೆದುಕೊಂಡಿರುತ್ತವೆ. ಎಳೆಗಳ ನಡುವಿನ ಜಾಗವನ್ನೆಲ್ಲ ತುಂಬಿರುವುದು ಹಯಲುರೊನಿಕ್ ಆಮ್ಲ. ಎರಡು ಬಗೆಯ ಸಕ್ಕರೆ ಅಣುಗಳು ಒಂದರ ನಂತರ ಒಂದರಂತೆ ಸಾವಿರಾರು ಸಲ ಪೋಣಿಸಿಕೊಂಡ ಉದ್ದನೆಯ ಸರಪಳಿ ಇದು. ನೀರು ಹೀರಿ, ಹೆಚ್ಚಿದ ಬೆಂಡೆಕಾಯಿಯ ಲೋಳೆಯಂತೆ ಮಂದವಾಗಿ ಕೂತುಬಿಡುತ್ತದೆ.

ಈ ಲೋಳೆಯಿಂದಾಗಿಯೇ ದ್ರವ ಅತ್ತಿತ್ತ ಸುಲಭವಾಗಿ ಹರಿಯುವುದಿಲ್ಲ. ಎರಡು ಮಿ.ಲೀ. ದಾಟಿತೆಂದರೆ ಒತ್ತಡ ಏರುತ್ತದೆ, ನೋಯುತ್ತದೆ, ಕೆಲವೊಮ್ಮೆ ಔಷಧಿ ಸೂಜಿಯ ಪಕ್ಕದಿಂದ ಹೊರಗೇ ಜಿನುಗುತ್ತದೆ. ಹಾಗಾಗಿ ಚರ್ಮದಡಿಯ ಇಂಜೆಕ್ಷನ್ ಎಂದರೆ ಒಂದೂವರೆ, ಹೆಚ್ಚೆಂದರೆ ಎರಡು ಮಿ.ಲೀ. ಎಂಬುದು ಬಹುಕಾಲದ ರೂಢಿ.

ಹಯಲುರೊನಿಡೇಸ್ ಆ ಸಕ್ಕರೆ ಸರಪಳಿಯನ್ನು ಅಲ್ಲಲ್ಲಿ ತುಂಡರಿಸುತ್ತದೆ. ಲೋಳೆ ತೆಳುವಾಗುತ್ತದೆ, ದ್ರವ ಅಗಲಕ್ಕೆ ಹರಡಿಕೊಳ್ಳುತ್ತದೆ, ರಕ್ತದ ಮತ್ತು ದುಗ್ಧರಸದ ಸಣ್ಣ ನಾಳಗಳು ಔಷಧಿಯನ್ನು ಬೇಗ ಎಳೆದುಕೊಳ್ಳುತ್ತವೆ. ಕೊಲಾಜೆನ್ ಎಳೆಗಳಿಗೆ ಏನೂ ಆಗುವುದಿಲ್ಲ.

ಕಿಣ್ವದ ಕೆಲಸ ಅಲ್ಪಾಯು. ಚುಚ್ಚಿದ ಜಾಗದಲ್ಲಿ ಅದರ ಬಲ ಅರ್ಧ ಗಂಟೆಯೊಳಗೆ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ದೇಹ ಹೊಸ ಸರಪಳಿ ನೇಯುತ್ತಲೇ ಇರುವುದರಿಂದ ಒಂದೆರಡು ದಿನದಲ್ಲಿ ಎಲ್ಲವೂ ಮೊದಲಿನಂತೆ. ದೇಹಕ್ಕೆ ಇದು ಹೊಸ ಕೆಲಸವೇನಲ್ಲ. ಎಪ್ಪತ್ತು ಕಿಲೊ ತೂಕದವರ ಮೈಯಲ್ಲಿರುವ ಸುಮಾರು 15 ಗ್ರಾಂ ಹಯಲುರೊನಿಕ್ ಆಮ್ಲದಲ್ಲಿ ಮೂರರಲ್ಲೊಂದು ಪಾಲು ದಿನಾ ಒಡೆದು, ದಿನಾ ಹೊಸದಾಗಿ ತಯಾರಾಗುತ್ತದೆ.

ಹೋರಿಯ ವೃಷಣ, ಹಾವಿನ ವಿಷ

ಈ ಕಿಣ್ವ ಮೊದಲು ಕಣ್ಣಿಗೆ ಬಿದ್ದದ್ದು ರೋಗ ಹರಡುವ ವಸ್ತುವಾಗಿ. ಕ್ಯಾಟಲೋನಿಯಾ ಮೂಲದ ಫ್ರಾನ್ಸಿಸ್ಕೊ ಡುರಾನ್ ರೆನಾಲ್ಸ್ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿದ್ದಾಗ, 1928ರಲ್ಲಿ, ಪ್ರಾಣಿಗಳ ವೃಷಣದಿಂದ ತೆಗೆದ ರಸವನ್ನು ಸಿಡುಬಿನ ಲಸಿಕೆಗೆ ಬಳಸುವ ವೈರಸ್ಸಿನ ಜೊತೆ ಬೆರೆಸಿ ಮೊಲಗಳಿಗೆ ಚುಚ್ಚಿದರು. ಸೋಂಕು ಎಂದಿಗಿಂತ ಬಹಳ ಅಗಲಕ್ಕೆ ಹಬ್ಬಿತು. ರಸದಲ್ಲೇನೋ ‘ಹರಡಿಸುವ ಅಂಶ’ ಇದೆ ಎಂದು ಅವರು ಬರೆದರು.

ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ 1934ರಲ್ಲಿ ದನದ ಕಣ್ಣಿನ ಒಳಗಿನ ದ್ರವದಿಂದ ಹಯಲುರೊನಿಕ್ ಆಮ್ಲವನ್ನು ಬೇರ್ಪಡಿಸಿದರು. ಕೆಲವೇ ವರ್ಷಗಳಲ್ಲಿ ಅರ್ನೆಸ್ಟ್ ಚೈನ್ ಮತ್ತು ಡುಥಿ ಆ ‘ಹರಡಿಸುವ ಅಂಶ’ಕ್ಕೂ ಹಯಲುರೊನಿಕ್ ಆಮ್ಲವನ್ನು ಒಡೆಯುವ ಕಿಣ್ವಕ್ಕೂ ಗಂಟು ಹಾಕಿದರು. ಪೆನಿಸಿಲಿನ್ ಸಂಶೋಧನೆಗಾಗಿ 1945ರ ನೊಬೆಲ್ ಹಂಚಿಕೊಂಡ ಚೈನ್ ಇವರೇ.

ಹಾವು, ಜೇನು, ಜಿಗಣೆಗಳಲ್ಲೂ ಇದೇ ಬಗೆಯ ಕಿಣ್ವಗಳಿವೆ. ಈ ಅಧ್ಯಾಯದಲ್ಲಿ ಮೈಸೂರಿಗೊಂದು ಜಾಗವಿದೆ. ಮಾನಸಗಂಗೋತ್ರಿಯ ಜೀವರಸಾಯನ ವಿಭಾಗದಲ್ಲಿ ಕೆ.ಎಸ್. ಗಿರೀಶ್, ಕೆ. ಕೆಂಪರಾಜು ಮತ್ತು ಸಹೋದ್ಯೋಗಿಗಳು ನಾಗರಹಾವಿನ ವಿಷದಿಂದ ಹಯಲುರೊನಿಡೇಸನ್ನು ಶುದ್ಧವಾಗಿ ಬೇರ್ಪಡಿಸಿ 2004ರಲ್ಲಿ ಪ್ರಕಟಿಸಿದರು. ಅವರಿಗೆ ಕಂಡದ್ದು ಕುತೂಹಲದ ಸಂಗತಿ: ಶುದ್ಧ ಕಿಣ್ವವೊಂದನ್ನೇ ಕೊಟ್ಟರೆ ಅದು ವಿಷವಲ್ಲ. ಆದರೆ ಸ್ನಾಯು ಕೊಳೆಸುವ, ರಕ್ತಸ್ರಾವ ಮಾಡಿಸುವ ಬೇರೆ ವಿಷಾಂಶಗಳ ಜೊತೆ ಸೇರಿದಾಗ ಅವುಗಳ ಹಾನಿ ಹೆಚ್ಚುತ್ತದೆ. ಈ ಕಿಣ್ವವನ್ನು ತಡೆಯಬಲ್ಲ ಸಸ್ಯಜನ್ಯ ವಸ್ತುಗಳನ್ನೂ ಅದೇ ತಂಡ ಹುಡುಕಿತು. ಕಚ್ಚಿದ ಜಾಗದಲ್ಲೇ ವಿಷ ಸ್ವಲ್ಪ ಹೊತ್ತು ನಿಂತರೆ ಪ್ರತಿವಿಷ ಕೊಡಲು ಸಮಯ ಸಿಕ್ಕೀತು ಎಂಬ ಆಸೆ ಅದರ ಹಿಂದೆ.

ಮೈಸೂರಿನವರು ತಡೆಯಲು ಹೊರಟ ಕೆಲಸವನ್ನೇ ಔಷಧಿ ಕಂಪನಿಗಳು ಬೇಕೆಂದೇ ಮಾಡಿಸುತ್ತಿವೆ. ಒಯ್ಯುವ ಸರಕು ಬೇರೆ, ಅಷ್ಟೇ.

*ಬಾಕ್ಸ್: ಅಡಿಕೆ ಬಾಯಿಗೂ ಇದೇ ಮದ್ದು*

*ಭಾರತದ ಆಸ್ಪತ್ರೆಗಳಿಗೆ ಹಯಲುರೊನಿಡೇಸ್ ಹಳೆಯ ಪರಿಚಯ. 1500 ಯೂನಿಟ್‌ನ ಪುಡಿಯಾಗಿ ಸಣ್ಣ ಸೀಸೆಯಲ್ಲಿ ಸಿಗುತ್ತದೆ. ಕಣ್ಣಿನ ಪೊರೆಯ ಶಸ್ತ್ರಕ್ರಿಯೆಗೆ ಮೊದಲು ಕಣ್ಣಿನ ಸುತ್ತ ಕೊಡುವ ಮರಗಟ್ಟಿಸುವ ಇಂಜೆಕ್ಷನ್ ಬೇಗ ಹರಡಲೆಂದು ಲಿಗ್ನೊಕೇನ್ ಜೊತೆ ಬೆರೆಸುತ್ತಾರೆ. ಅಡಿಕೆ, ಗುಟ್ಕಾ ಜಗಿದು ಜಗಿದು ಕೆನ್ನೆಯ ಒಳಭಾಗ ಬಿಗಿದು ಬಾಯಿ ತೆರೆಯಲಾಗದೆ ಬರುವವರಿಗೆ ದಂತವೈದ್ಯಕೀಯ ಕಾಲೇಜುಗಳಲ್ಲಿ ಸ್ಟೀರಾಯ್ಡ್ ಜೊತೆ ಕೆನ್ನೆಯೊಳಗೇ ಚುಚ್ಚುತ್ತಾರೆ. ಬಾಯಿ ಸ್ವಲ್ಪ ಸಡಿಲವಾಗುತ್ತದೆ. ಅಡಿಕೆ ಬಿಡದಿದ್ದರೆ ಮತ್ತೆ ಬಿಗಿಯುತ್ತದೆ. ಸೌಂದರ್ಯ ಚಿಕಿತ್ಸೆಯಲ್ಲಿ ತುಟಿ, ಕೆನ್ನೆಗೆ ತುಂಬಿಸಿದ ಹಯಲುರೊನಿಕ್ ಆಮ್ಲದ ಫಿಲ್ಲರ್ ಹೆಚ್ಚಾದರೆ ಕರಗಿಸಲೂ ಇದೇ.*

ಕುರಿಯಿಂದ ಮನುಷ್ಯನಿಗೆ

ಹಳೆಯ ಸೀಸೆಗಳಲ್ಲಿದ್ದ ಕಿಣ್ವ ಬರುತ್ತಿದ್ದುದು ಕುರಿ, ಹೋರಿಗಳ ವೃಷಣದಿಂದ. ಅನ್ಯ ಪ್ರಾಣಿಯ ಪ್ರೋಟೀನ್ ಆದ್ದರಿಂದ ಅಲರ್ಜಿಯ ಭಯವಿತ್ತು. ವರ್ಷಗಟ್ಟಲೆ, ಮತ್ತೆ ಮತ್ತೆ ಕೊಡಬೇಕಾದ ಔಷಧಿಗೆ ಅದು ಒಗ್ಗುವಂತಿರಲಿಲ್ಲ.

ಮನುಷ್ಯನ ವೀರ್ಯಾಣುವಿನ ಮೇಲೆ ಪಿಎಚ್-20 ಎಂಬ ಹಯಲುರೊನಿಡೇಸ್ ಇದೆ. ಅಂಡಾಣುವಿನ ಸುತ್ತ ಇರುವ ಕೋಶಗಳ ಗುಂಪು ಹಯಲುರೊನಿಕ್ ಆಮ್ಲದಲ್ಲಿ ಹೂತಿರುತ್ತದೆ. ಅದನ್ನು ದಾಟಿ ಒಳಹೋಗಲು ವೀರ್ಯಾಣುವಿಗೆ ಈ ಕಿಣ್ವ ನೆರವಾಗುತ್ತದೆ. ಅಮೆರಿಕದ ಸ್ಯಾನ್ ಡಿಯಾಗೊದ ಹ್ಯಾಲೊಜೈಮ್ ಕಂಪನಿ ಇದರ ಜೀನನ್ನು ಚೀನೀ ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಕೋಶಗಳಿಗೆ ಸೇರಿಸಿ, ಟ್ಯಾಂಕುಗಳಲ್ಲಿ ಕಿಣ್ವ ಬೆಳೆಸಿತು. 2005ರ ಕೊನೆಗೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಆಗ ಅದು ಬೇರೆ ಔಷಧಿಗಳ ಜೊತೆ ಬೆರೆಸುವ ಸಹಾಯಕ ಮಾತ್ರ.

ನಿಜವಾದ ತಿರುವು 2013ರದು. ಟ್ರಾಸ್ಟುಜುಮಾಬ್ ಅನ್ನು ಕಿಣ್ವದ ಜೊತೆ ಚರ್ಮದಡಿಗೆ ಕೊಡಲು ಯುರೋಪ್ ಒಪ್ಪಿತು: 600 ಮಿ.ಗ್ರಾಂ. ಔಷಧಿ, 5 ಮಿ.ಲೀ. ದ್ರವ, ಎರಡರಿಂದ ಐದು ನಿಮಿಷ. ಎರಡೂ ವಿಧಾನಗಳನ್ನು ಅನುಭವಿಸಿದ ರೋಗಿಗಳನ್ನು ಕೇಳಿದ ‘ಪ್ರೆಫ್‌ಹರ್’ ಅಧ್ಯಯನದಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಚರ್ಮದಡಿಯ ಸೂಜಿಯೇ ಸಾಕೆಂದರು. ಕಿಮೋ ಕೊಟ್ಟು ಕೊಟ್ಟು ನರಗಳು ಗಟ್ಟಿಯಾದವರನ್ನು ಕಂಡವರಿಗೆ ಈ ಉತ್ತರ ಆಶ್ಚರ್ಯ ತರಲಿಕ್ಕಿಲ್ಲ.

ಉಳಿಸುವುದು ಕಿಣ್ವವಲ್ಲ

ದೀರ್ಘಕಾಲ ಕೆಲಸ ಮಾಡುವ ಇಂಜೆಕ್ಷನ್‌ಗಳಿಗೆ ಕಿಣ್ವ ಸೇರಿಸುತ್ತಾರೆ ಎಂದೊಡನೆ ಔಷಧಿಯನ್ನು ಬಹಳ ದಿನ ಉಳಿಸುವುದೇ ಈ ಕಿಣ್ವ ಎಂದು ತಿಳಿಯುವುದು ಸಹಜ. ಸಂಗತಿ ಉಲ್ಟಾ. ಕಿಣ್ವ ಔಷಧಿಯನ್ನು ಬೇಗ ರಕ್ತಕ್ಕೆ ಸೇರಿಸುತ್ತದೆ.

ಬಹಳ ದಿನ ಉಳಿಯುವ ಇಂಜೆಕ್ಷನ್‌ಗಳಲ್ಲಿ ಎರಡು ಜಾತಿ. ಒಂದು, ಚುಚ್ಚಿದಲ್ಲೇ ಗಂಟಾಗಿ ಕೂತು ಚೂರುಚೂರೇ ಕರಗುವಂಥದ್ದು. ಸ್ಕಿಜೋಫ್ರೇನಿಯಾಕ್ಕೆ ಕೊಡುವ ಪ್ಯಾಲಿಪೆರಿಡೋನ್, ಎಚ್‌ಐವಿಗೆ ಎರಡು ತಿಂಗಳಿಗೊಮ್ಮೆ ಕೊಡುವ ಕ್ಯಾಬೊಟೆಗ್ರಾವಿರ್ ಈ ಬಗೆಯವು. ಇಲ್ಲಿ ನಿಧಾನವೇ ಗುಣ. ಹರಡಿಸುವ ಕಿಣ್ವ ಸೇರಿಸಿದರೆ ಹೆಚ್ಚು ದ್ರವ ಹಿಡಿಸಬಹುದು ನಿಜ, ಆದರೆ ಗಂಟು ಅಗಲಕ್ಕೆ ತೆಳುವಾಗಿ ಹರಡಿ ಬೇಗ ಕರಗುವ ಅಪಾಯವೂ ಇದೆ. ಕ್ಯಾಬೊಟೆಗ್ರಾವಿರ್ ತಯಾರಿಸುವ ವೀವ್ ಕಂಪನಿ 2021ರಲ್ಲಿ ಹ್ಯಾಲೊಜೈಮ್ ಜೊತೆ ಒಪ್ಪಂದ ಮಾಡಿಕೊಂಡು ಈ ಜೋಡಿಯನ್ನು ಪರೀಕ್ಷಿಸಿತು. ಕೊನೆಗೆ ನಾಲ್ಕು ತಿಂಗಳಿಗೊಮ್ಮೆ ಎಂಬ ಗುರಿಯತ್ತ ಮುಂದೆ ಸಾಗಿದ್ದು, ಕಿಣ್ವವಿಲ್ಲದೆ ಸ್ನಾಯುವಿಗೆ ಕೊಡುವ ಬೇರೆ ಸೂತ್ರ.

ಇನ್ನೊಂದು ಜಾತಿ ಪ್ರತಿಕಾಯಗಳದು. ಮಾಬ್ ಎಂದು ಕೊನೆಗೊಳ್ಳುವ ಹೆಸರಿನ ಈ ದೊಡ್ಡ ಪ್ರೋಟೀನ್‌ಗಳಿಗೆ ದೇಹದಲ್ಲೇ ವಾರಗಟ್ಟಲೆ ಆಯುಸ್ಸು. ಜೀವಕೋಶಗಳು ಇವನ್ನು ಒಳಗೆಳೆದುಕೊಂಡರೂ ಪೂರ್ತಿ ಅರಗಿಸದೆ ಬಹುಪಾಲನ್ನು ರಕ್ತಕ್ಕೇ ಮರಳಿಸುತ್ತವೆ. ಆದ್ದರಿಂದ ಎಷ್ಟು ದಿನ ಬರುತ್ತದೆ ಎಂಬುದು ಒಮ್ಮೆಗೆ ಎಷ್ಟು ಕೊಟ್ಟರು ಎಂಬುದನ್ನು ಬಹುಮಟ್ಟಿಗೆ ಅವಲಂಬಿಸಿದೆ. ತುಂಬ ಸಾಂದ್ರ ಮಾಡಿದರೆ ದ್ರಾವಣ ಅಂಟಾಗಿ ಸೂಜಿಯಲ್ಲಿ ಇಳಿಯುವುದಿಲ್ಲ. ತೆಳುವಾಗಿಸಿದರೆ ಪರಿಮಾಣ ಹೆಚ್ಚಿ ಚರ್ಮದಡಿ ಹಿಡಿಸುವುದಿಲ್ಲ. ಕಿಣ್ವ ಬಿಡಿಸಿದ ಕಗ್ಗಂಟು ಇದು. ತಿಂಗಳುಗಟ್ಟಲೆಗೆ ಸಾಲುವಷ್ಟನ್ನು ಒಂದೇ ಸಲ ಒಳಗೆ ಬಿಡಲು ಅದು ಜಾಗ ಮಾಡಿಕೊಡುತ್ತದೆ.

ರೋಗನಿರೋಧಕ ಶಕ್ತಿಯೇ ಇಲ್ಲದೆ ಹುಟ್ಟಿದವರಿಗೆ ಕೊಡುವ ಇಮ್ಯುನೊಗ್ಲಾಬ್ಯುಲಿನ್ ನೋಡಿ. ಮಾಮೂಲಿ ಚರ್ಮದಡಿಯ ವಿಧಾನದಲ್ಲಿ ಹೆಚ್ಚಿನವರಿಗೆ ವಾರವಾರವೂ, ಹಲವು ಕಡೆ ಚುಚ್ಚಿಸಿಕೊಳ್ಳುವ ಪಾಡು. ಮೊದಲು ಕಿಣ್ವ, ನಂತರ ಅದೇ ಸೂಜಿಯಲ್ಲಿ ಔಷಧಿ ಎಂಬ ಹೊಸ ಕ್ರಮದಲ್ಲಿ ಮೂರು-ನಾಲ್ಕು ವಾರಕ್ಕೊಮ್ಮೆ ಸಾಕು. ಒಂದೇ ಜಾಗಕ್ಕೆ 600 ಮಿ.ಲೀ.ವರೆಗೂ ಪಂಪಿನಿಂದ ಇಳಿಸುತ್ತಾರೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗಕ್ಕೆ ಕೊಡುವ ಓಕ್ರೆಲಿಜುಮಾಬ್‌ನ ಚರ್ಮದಡಿಯ ರೂಪಕ್ಕೆ 2024ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅನುಮತಿ ಸಿಕ್ಕಿತು: ಹೊಟ್ಟೆಯ ಚರ್ಮದಡಿಗೆ 23 ಮಿ.ಲೀ., ಹತ್ತು ನಿಮಿಷ, ಮತ್ತೆ ಆರು ತಿಂಗಳು ಆಸ್ಪತ್ರೆಯತ್ತ ತಲೆ ಹಾಕಬೇಕಿಲ್ಲ.

*ಬಾಕ್ಸ್: ಗಂಟೆಯಿಂದ ನಿಮಿಷಕ್ಕೆ*

*ಡಾರಾಟುಮುಮಾಬ್ (ಅಸ್ಥಿಮಜ್ಜೆಯ ಕ್ಯಾನ್ಸರ್): ಮೊದಲ ಡ್ರಿಪ್‌ಗೆ ಸುಮಾರು 7 ಗಂಟೆ, ಕಿಣ್ವದ ಜೊತೆ 15 ಮಿ.ಲೀ., 3ರಿಂದ 5 ನಿಮಿಷ. ಚಳಿ, ಜ್ವರ, ಉಬ್ಬಸದಂಥ ತೊಂದರೆ ಡ್ರಿಪ್‌ನಲ್ಲಿ ಮೂರರಲ್ಲೊಬ್ಬರಿಗೆ; ಸೂಜಿಯಲ್ಲಿ ಎಂಟರಲ್ಲೊಬ್ಬರಿಗೆ.*

*ಅಟೆಜೊಲಿಜುಮಾಬ್ (ಶ್ವಾಸಕೋಶದ ಕ್ಯಾನ್ಸರ್ ಇತ್ಯಾದಿ): 30–60 ನಿಮಿಷದ ಡ್ರಿಪ್ ಬದಲು ಸುಮಾರು 7 ನಿಮಿಷ.*

*ಪೆಂಬ್ರೊಲಿಜುಮಾಬ್: ಚರ್ಮದಡಿಯ ರೂಪಕ್ಕೆ 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅನುಮತಿ. ಆರು ವಾರಕ್ಕೊಮ್ಮೆ, 2 ನಿಮಿಷ. ಇದರಲ್ಲಿರುವುದು ದಕ್ಷಿಣ ಕೊರಿಯಾದ ಆಲ್ಟಿಯೊಜೆನ್ ಕಂಪನಿ ರೂಪಿಸಿದ ಮಾರ್ಪಡಿಸಿದ ಕಿಣ್ವ.*

ರಾತ್ರಿ ರೈಲಿನ ಲೆಕ್ಕ

ಮಂಗಳೂರು ಸೆಂಟ್ರಲ್‌ನಿಂದ ಸಂಜೆ ಹೊರಡುವ ಮಾವೇಲಿ, ಮಲಬಾರ್ ಎಕ್ಸ್‌ಪ್ರೆಸ್‌ಗಳು ಮಂಜೇಶ್ವರ, ಕಾಸರಗೋಡು ಸೀಮೆಯ ಜನರನ್ನು ಹತ್ತಿಸಿಕೊಂಡು ಬೆಳಿಗ್ಗೆ ತಿರುವನಂತಪುರ ಮುಟ್ಟುತ್ತವೆ. ಎಕ್ಸ್‌ರೇ ಕವರು, ಫೈಲು ಹಿಡಿದು ಇಳಿಯುವವರಲ್ಲಿ ಹಲವರ ದಾರಿ ಮೆಡಿಕಲ್ ಕಾಲೇಜು ಆವರಣದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರಕ್ಕೆ. 1981ರಲ್ಲಿ ಶುರುವಾದ ಈ ಕೇಂದ್ರವನ್ನು ಕೇರಳದಲ್ಲಿ ‘ಆರ್‌ಸಿಸಿ’ ಎಂದರೆ ಸಾಕು, ಮಕ್ಕಳಿಗೂ ಗೊತ್ತು. ಅರ್ಧದಾರಿಯಲ್ಲಿ ಎರ್ನಾಕುಲಂನಲ್ಲಿ ಇಳಿಯುವವರಿಗೆ ಕಳಮಶ್ಶೇರಿಯ ಕೊಚ್ಚಿನ್ ಕ್ಯಾನ್ಸರ್ ಸಂಶೋಧನಾ ಕೇಂದ್ರ, 1998ರಲ್ಲಿ ಆರಂಭವಾದ ಅಮೃತಾ ಆಸ್ಪತ್ರೆ ಇವೆ. ತಲಶ್ಶೇರಿಯಲ್ಲಿ ಮಲಬಾರ್ ಕ್ಯಾನ್ಸರ್ ಕೇಂದ್ರ ಆದ ಮೇಲೆ ಉತ್ತರದವರ ಓಡಾಟ ತಗ್ಗಿದೆ. ನಿಂತಿಲ್ಲ.

ಹರ್-2 ಬಗೆಯ ಸ್ತನ ಕ್ಯಾನ್ಸರಿಗೆ ಶಸ್ತ್ರಕ್ರಿಯೆಯ ಆಸುಪಾಸಿನಲ್ಲಿ ಟ್ರಾಸ್ಟುಜುಮಾಬ್ ಕೊಡುವುದು ಮೂರು ವಾರಕ್ಕೊಮ್ಮೆ, ಒಂದು ವರ್ಷ. ಒಟ್ಟು 18 ಸಲ. ಕಾಸರಗೋಡಿನಿಂದ ತಿರುವನಂತಪುರಕ್ಕೆ ರೈಲುಹಾದಿ ಹೆಚ್ಚುಕಡಿಮೆ 570 ಕಿ.ಮೀ. ಹದಿನೆಂಟು ಸಲವೂ ಹೋಗಿ ಬಂದರೆ 20 ಸಾವಿರ ಕಿ.ಮೀ. ದಾಟುತ್ತದೆ. ಎರಡು ರಾತ್ರಿ ರೈಲಿನಲ್ಲಿ ಕಳೆದವರಿಗೆ ವಾರ್ಡಿನಲ್ಲಿ ಉಳಿತಾಯವಾಗುವ ಎರಡು ಗಂಟೆ ದೊಡ್ಡದಲ್ಲ. ಅಂಥವರಿಗೆ ಕಿಣ್ವದ ಉಪಯೋಗ ಬೇರೆಡೆ ಇದೆ: ಸೂಜಿ ಊರಿಗೇ ಬರಬಹುದು.

ಡ್ರಿಪ್ ಕೊಡಲು ಹಾಸಿಗೆ ಬೇಕು, ಪಂಪು ಬೇಕು, ರೋಗಿಯ ತೂಕಕ್ಕೆ ತಕ್ಕಂತೆ ಔಷಧಿ ಅಳೆದು ಕಲಸಲು ಶುಚಿಯಾದ ವ್ಯವಸ್ಥೆ ಬೇಕು. ಕಿಣ್ವ ಬೆರೆತ ಔಷಧಿ ಎಲ್ಲ ತೂಕದವರಿಗೂ ಒಂದೇ ಅಳತೆಯಲ್ಲಿ, ಸಿದ್ಧ ಸೀಸೆಯಲ್ಲಿ ಬರುತ್ತದೆ. ಫ್ರಿಜ್, ತರಬೇತಾದ ನರ್ಸ್, ಅಲರ್ಜಿಯಾದರೆ ನೋಡಿಕೊಳ್ಳುವ ವೈದ್ಯರು ಇದ್ದರೆ ಜಿಲ್ಲಾ ಆಸ್ಪತ್ರೆಯಲ್ಲೇ ಕೊಡಬಹುದು.

ಅಂಥ ಹಂಚಿಕೆಯ ರುಚಿ ಕೇರಳಕ್ಕೆ ಆಗಲೇ ಗೊತ್ತು. 2020ರ ಲಾಕ್‌ಡೌನ್‌ನಲ್ಲಿ ರೈಲು, ಬಸ್ಸು ನಿಂತಾಗ ಆರ್‌ಸಿಸಿಯ ಸಹಯೋಗದಲ್ಲಿ ಜಿಲ್ಲೆಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಯಾನ್ಸರ್ ಚಿಕಿತ್ಸೆ ಮುಂದುವರಿಸಲಾಯಿತು. ಅದೇ ದಿನಗಳಲ್ಲಿ ಕರ್ನಾಟಕ ತಲಪಾಡಿಯ ಗಡಿಯನ್ನು ಮುಚ್ಚಿತ್ತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನವರು ಅತ್ತಲೂ ಹೋಗಲಾರದೆ ಇತ್ತಲೂ ಹೋಗಲಾರದೆ ಸಿಕ್ಕಿಬಿದ್ದರು. ಪ್ರಕರಣ ಕೇರಳ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಚಿಕಿತ್ಸೆ ಮನೆಯ ಹತ್ತಿರವಿರಬೇಕು ಎಂಬ ಮಾತಿನ ತೂಕ ಗಡಿಯವರಿಗೆ ಬೇರೆ ಯಾರೂ ತಿಳಿಸಿಕೊಡಬೇಕಿಲ್ಲ.

ಕಾಯಿಲೆ ಮುಂದುವರಿದವರ ಆರೈಕೆಯಲ್ಲೂ ಚರ್ಮದಡಿಯ ದಾರಿಗೆ ಹಳೆಯ ಜಾಗವಿದೆ. ನರ ಸಿಗದ, ನುಂಗಲಾಗದ ರೋಗಿಗೆ ಮನೆಯಲ್ಲೇ ಚರ್ಮದಡಿಗೆ ಸಲೈನ್ ಇಳಿಸುವುದು ಉಪಶಾಮಕ ಆರೈಕೆಯಲ್ಲಿ ಬಳಕೆಯಲ್ಲಿರುವ ಕ್ರಮ. ಬೇಗ ಹೀರಲೆಂದು ಕೆಲವೆಡೆ ಹಯಲುರೊನಿಡೇಸ್ ಸೇರಿಸುವುದೂ ಉಂಟು. ತಿರುವನಂತಪುರದಲ್ಲಿ ಡಾ. ಎಂ.ಆರ್. ರಾಜಗೋಪಾಲ್ 2003ರಲ್ಲಿ ಕಟ್ಟಿದ ‘ಪಾಲಿಯಂ ಇಂಡಿಯಾ’ದಂಥ ಸಂಸ್ಥೆಗಳಿಂದಾಗಿ ಮನೆಗೇ ಬರುವ ನರ್ಸ್ ಕೇರಳದಲ್ಲಿ ಅಪರೂಪದ ದೃಶ್ಯವಲ್ಲ.

ದರದ ಮುಳ್ಳು

ತೊಡಕು ಹಣದ್ದು. ಡ್ರಿಪ್‌ನಲ್ಲಿ ಕೊಡುವ ಟ್ರಾಸ್ಟುಜುಮಾಬ್‌ಗೆ ಪೈಪೋಟಿ ಇದೆ. ಜಗತ್ತಿನ ಮೊದಲ ಟ್ರಾಸ್ಟುಜುಮಾಬ್ ಬಯೋಸಿಮಿಲರ್‌ಗಳಲ್ಲಿ (ಮೂಲ ಔಷಧಿಯನ್ನು ಹೋಲುವ ಪ್ರತಿರೂಪಗಳಲ್ಲಿ) ಒಂದನ್ನು ಬೆಂಗಳೂರಿನ ಬಯೋಕಾನ್ 2014ರಲ್ಲಿ ಮಾರುಕಟ್ಟೆಗೆ ತಂದಿತು. ಬಳಿಕ ಇನ್ನೂ ಹಲವು ಕಂಪನಿಗಳು ಬಂದವು, ದರ ಇಳಿಯಿತು. ಕೇರಳ ಸರ್ಕಾರ 2024ರ ಆಗಸ್ಟ್‌ನಿಂದ ಕಾರುಣ್ಯ ಫಾರ್ಮಸಿಗಳಲ್ಲಿ ಲಾಭವಿಲ್ಲದೆ ಕ್ಯಾನ್ಸರ್ ಔಷಧಿ ಮಾರುವ ಕೌಂಟರುಗಳನ್ನು ತೆರೆದ ಮೇಲೆ ಇಂಥವು ಇನ್ನಷ್ಟು ಅಗ್ಗವಾದವು. ಕಿಣ್ವ ಬೆರೆತ ಸೀಸೆಗೆ ಆ ಪೈಪೋಟಿ ಇನ್ನೂ ಹುಟ್ಟಿಲ್ಲ.

ಅದಲ್ಲದೆ ಚರ್ಮದಡಿ ಕೊಟ್ಟ ಪ್ರತಿಕಾಯ ಪೂರ್ತಿ ರಕ್ತ ಸೇರುವುದಿಲ್ಲ, ಒಂದು ಪಾಲು ದಾರಿಯಲ್ಲೇ ನಷ್ಟ. ಹಾಗಾಗಿ ಔಷಧಿಯೇ ಹೆಚ್ಚು ಬೇಕು. ಅರವತ್ತು ಕಿಲೊ ತೂಕದ ಮಹಿಳೆಗೆ ಮೂರು ವಾರಕ್ಕೊಮ್ಮೆಯ ಡ್ರಿಪ್‌ನಲ್ಲಿ 360 ಮಿ.ಗ್ರಾಂ. ಸಾಕಾದರೆ, ಸೂಜಿಯಲ್ಲಿ ಹೋಗುವುದು 600.

ಕಂಪನಿಗಳು ಸೂಜಿಯತ್ತ ಹೊರಳಿದ್ದು ರೋಗಿಯ ಸುಖಕ್ಕಾಗಿ ಮಾತ್ರ ಎಂದು ನಂಬುವುದು ಕಷ್ಟ. ಪೆಂಬ್ರೊಲಿಜುಮಾಬ್‌ನ ಅಮೆರಿಕದ ಮುಖ್ಯ ಪೇಟೆಂಟ್ 2028ಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ರೋಗಿಗಳೂ ವೈದ್ಯರೂ ಹೊಸ ಪೇಟೆಂಟಿನ ಸೂಜಿಗೆ ಒಗ್ಗಿಕೊಂಡರೆ, ಆಮೇಲೆ ಬರುವ ಅಗ್ಗದ ಡ್ರಿಪ್ ಕೇಳುವವರು ಕಡಿಮೆ. ಸೂಜಿಯಿಂದ ರೋಗಿಗೆ ಅನುಕೂಲ ಆಗುವುದೂ ನಿಜ, ಈ ಲೆಕ್ಕಾಚಾರವೂ ನಿಜ.

ಕಿಣ್ವಕ್ಕೂ ಪೇಟೆಂಟ್ ಇದೆ. ಹ್ಯಾಲೊಜೈಮ್‌ನ ಮೂಲ ಕಿಣ್ವದ ಪೇಟೆಂಟ್ ಯುರೋಪಿನಲ್ಲಿ 2024ಕ್ಕೆ ಮುಗಿದಿದೆ, ಅಮೆರಿಕದಲ್ಲಿ 2027ಕ್ಕೆ ಮುಗಿಯಲಿದೆ. ಆಮದಿನ ಕವಾಟಕ್ಕೆ ಬದಲಾಗಿ ತನ್ನದೇ ಹೃದಯದ ಕವಾಟ ರೂಪಿಸಿ, 1990ರಲ್ಲಿ ಮೊದಲ ರೋಗಿಗೆ ಅಳವಡಿಸಿ, ಬಡವರ ಕೈಗೂ ಎಟುಕುವಂತೆ ಮಾಡಿದ ಶ್ರೀ ಚಿತ್ರಾ ಸಂಸ್ಥೆ ಇರುವುದು ಇದೇ ತಿರುವನಂತಪುರದಲ್ಲಿ. ಪೇಟೆಂಟ್ ಮುಗಿದ ಕಿಣ್ವವೂ ಹಾಗೆ ಇಲ್ಲೇ ತಯಾರಾದರೆ ದರ ಇಳಿಯುತ್ತದೆ ಎಂಬುದಕ್ಕೆ ದೂರದ ಸಾಕ್ಷಿ ಬೇಡ.

ಸೂಜಿಯ ಮಿತಿ

ಎಲ್ಲ ಔಷಧಿಯನ್ನೂ ಹೀಗೆ ಕೊಡಲಾಗದು. ಡಾಕ್ಸೊರುಬಿಸಿನ್‌ನಂಥ ಹಳೆಯ ಕಿಮೋ ಔಷಧಿಗಳು ಚರ್ಮದಡಿ ಸೋರಿದರೆ ಅಲ್ಲಿನ ಮಾಂಸವೇ ಕೊಳೆಯುತ್ತದೆ. ಅವಕ್ಕೆ ರಕ್ತನಾಳವೇ ಗತಿ. ಪ್ರತಿಕಾಯದ ಜೊತೆ ಡೋಸೆಟ್ಯಾಕ್ಸೆಲ್ ಎಂಬ ಕಿಮೋ ಔಷಧಿ ಕೂಡ ಬೇಕಿರುವ ತಿಂಗಳುಗಳಲ್ಲಿ ಹೇಗೂ ಬಾಟಲಿ ಏರಿಸಲೇಬೇಕು. ಸಮಯದ ಉಳಿತಾಯ ನಿಜವಾಗಿ ಕೈಗೆ ಹತ್ತುವುದು ಕಿಮೋ ಮುಗಿದು ಪ್ರತಿಕಾಯ ಮಾತ್ರ ಉಳಿದ ಮೇಲೆ.

ಸೋಂಕಾದ, ಬಾತುಕೊಂಡ ಜಾಗದಲ್ಲಿ ಕಿಣ್ವ ಚುಚ್ಚುವಂತಿಲ್ಲ. ಕಾರಣ 1928ರಲ್ಲೇ ಮೊಲಗಳ ಮೈಮೇಲೆ ಕಂಡದ್ದು: ಔಷಧಿಯೊಡನೆ ಸೋಂಕೂ ಹರಡುತ್ತದೆ. ಫೆಸ್ಗೊವನ್ನು ಎಡ ತೊಡೆಗೆ ಒಮ್ಮೆ, ಬಲ ತೊಡೆಗೆ ಇನ್ನೊಮ್ಮೆ, ಹಿಂದಿನ ಜಾಗದಿಂದ ಒಂದು ಇಂಚಾದರೂ ದೂರದಲ್ಲಿ ಕೊಡಬೇಕು. ಮೊದಲ ಸಲ 15 ಮಿ.ಲೀ.ಯನ್ನು ಎಂಟು ನಿಮಿಷ ಒತ್ತಿ, ಬಳಿಕ ಅರ್ಧ ಗಂಟೆ ರೋಗಿಯನ್ನು ಅಲ್ಲೇ ಕೂರಿಸಿ ನೋಡುತ್ತಾರೆ. ಮುಂದಿನ ಸಲಗಳಲ್ಲಿ ಕಾಯಬೇಕಾದದ್ದು ಕಾಲು ಗಂಟೆ.